ಎರಡು ಫೋನು, ಒಂದು ಹಂಚು

ನಮ್ಮತ್ತಿಗೆ, ಅಂದರೆ ನನ್ನ ಗಂಡನ ಅವ್ವನಿಗೆ, ಎಪ್ಪತ್ತೊಂದು ವರ್ಷ. ಮುಂಜಾನೆ ಎಂಟಕ್ಕೆ ಸರಿಯಾಗಿ ಅಡುಗೆಮನೆಯ ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ಕೂತು, ಫೋನನ್ನು ಜ್ವಾಳದ ಹಿಟ್ಟಿನ ಡಬ್ಬಿಗೆ ಆನಿಸಿ, ಸೆರಗು ಸರಿ ಮಾಡಿಕೊಳ್ಳುತ್ತಾರೆ. ಸುದ್ದಿ ಓದುವಾಕೆ ಆ ಕಡೆಯಿಂದ ತಮ್ಮನ್ನು ನೋಡುತ್ತಾಳೆ ಅಂತಲ್ಲ, ಅಷ್ಟು ತಿಳಿಯದವರಲ್ಲ ಅವರು. “ಸುದ್ದಿ ಬಂತಂದ್ರ ಮನಿಗೆ ಮಂದಿ ಬಂದಂಗ. ಮಂದಿ ಮುಂದ ಹೆಂಗರೆ ಕುಂದ್ರಾಕ ಆಗ್ತದೇನು?” ಅನ್ನುತ್ತಾರೆ.

ಫೋನಿನ ಸುದ್ದಿಗೆ ಹೊತ್ತುಗೊತ್ತಿಲ್ಲ, ಯಾವಾಗ ತೆಗೆದರೂ ಬರುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅವರು ನಂಬಿಲ್ಲ. “ಎಂಟರ ಒಳಗ ತಗದ್ರ ನಿನ್ನಿದು ಬರ್ತದ ಬೇ” ಅನ್ನುವುದು ಅವರ ವಾದ. ಅವರು ಹುಟ್ಟಿ ಬೆಳೆದದ್ದು ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ. ಆಗ ಅವರ ಓಣಿಗೆಲ್ಲ ಒಂದೇ ರೇಡಿಯೊ, ಅದೂ ಮಾಸ್ತರರ ಮನೆಯಲ್ಲಿ. ಸುದ್ದಿಯ ಹೊತ್ತಿಗೆ ಮಾಸ್ತರರು ಅದನ್ನು ಕಿಟಕಿಯಲ್ಲಿ ತಂದಿಡುತ್ತಿದ್ದರಂತೆ. ದನ ಹೊಡೆದುಕೊಂಡು ಹೋಗುವವರು, ಕೊಡ ಹೊತ್ತು ಬರುವವರು, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡವರು, ಎಲ್ಲರೂ ಅದನ್ನೇ ಕೇಳಿ ಮುಂದೆ ಹೋಗುತ್ತಿದ್ದರು. ಬಾವಿಯ ಹತ್ತಿರ ಯಾರೂ ಯಾರನ್ನೂ ‘ನೀ ಏನು ಕೇಳಿದಿ’ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಎಲ್ಲರ ಕಿವಿಗೂ ಬಿದ್ದದ್ದು ಒಂದೇ. ಜಗಳ ಏನಿದ್ದರೂ ಆ ಒಂದರ ಮೇಲೆ.

ಅತ್ತಿಗೆ ಒಬ್ಬ ತಂಗಿ ಇದ್ದಾರೆ. ಐದು ವರ್ಷಕ್ಕೆ ಸಣ್ಣವರು, ಮಾನ್ವಿಗೆ ಕೊಟ್ಟದ್ದು. ನಾನು ಅವರನ್ನು ಸಣ್ಣತ್ತಿ ಅನ್ನುತ್ತೇನೆ. ಅವರೂ ಅದೇ ರೇಡಿಯೊ ಕೇಳಿ ಬೆಳೆದವರಾದ್ದರಿಂದ ಅಲ್ಲಿ ಮಾನ್ವಿಯಲ್ಲಿ ಎಂಟಕ್ಕೆ ಸರಿಯಾಗಿ ತಮ್ಮ ಫೋನು ಹಚ್ಚುತ್ತಾರೆ. ಎಂಟೂವರೆಗೆ ಇಲ್ಲಿಂದ ಅಲ್ಲಿಗೆ ಅಥವಾ ಅಲ್ಲಿಂದ ಇಲ್ಲಿಗೆ ಒಂದು ಕರೆ. ಇಬ್ಬರೂ ಸುದ್ದಿಯನ್ನು ಕೆದಕಿ, ಮಂತ್ರಿಗಳನ್ನು ಬೈದು, ಆಮೇಲೆ ಮೊಣಕಾಲಿನ ನೋವಿಗೆ ಬರುತ್ತಾರೆ. ಎರಡು ವರ್ಷದಿಂದ ಇದು ತಪ್ಪಿರಲಿಲ್ಲ.

ನನಗೆ ನಲವತ್ತೇಳು. ನಾನು ಸುದ್ದಿಯನ್ನು ನೋಡುವುದು ಪಾತ್ರೆ ತೊಳೆದಾದ ಮೇಲೆ, ಕೈ ಒರೆಸಿಕೊಂಡು. ಮೂರು ಕಡೆ ಓದುತ್ತೇನೆ, ಮೂರನ್ನೂ ನಂಬುವುದಿಲ್ಲ, ಮರುದಿನ ಕಾಗದದ ಪೇಪರಿನಲ್ಲಿ ಬಂದ ಮೇಲೆ ‘ಹಂಗಾರ ಇರಬಹುದು’ ಅನ್ನುತ್ತೇನೆ. ಅಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ನನ್ನ ಓರಗೆಯವರೆಲ್ಲ ಹೀಗೇ ಎಂದು ಕಾಣುತ್ತದೆ. ನೋಡದೆ ಇರಲಾರೆವು, ನೋಡಿ ನಂಬಲಾರೆವು.

ಮಗಳಿಗೆ ಇಪ್ಪತ್ತು, ಡಿಗ್ರಿ ಎರಡನೇ ವರ್ಷ. ಆಕೆ ಸುದ್ದಿಯನ್ನು ಹುಡುಕಿಕೊಂಡು ಹೋದದ್ದನ್ನು ನಾನು ಕಂಡಿಲ್ಲ. “ನೀ ಸುದ್ದಿ ನೋಡೂದಿಲ್ಲೇನು?” ಅಂದರೆ, “ನನಗ ಬೇಕಾದ್ದು ಅದೇ ಹುಡುಕ್ಕೊಂಡು ಬರ್ತದ ಬಿಡವ್ವಾ” ಅನ್ನುತ್ತಾಳೆ. ಬರುತ್ತದೆ, ಹೌದು. ಒಬ್ಬಾಕೆ ಉಗುರಿಗೆ ಬಣ್ಣ ಹಚ್ಚುತ್ತಾಳೆ, ಒಬ್ಬ ಹಗ್ಗದ ಮೇಲೆ ನಡೆಯುತ್ತಾನೆ, ನಡುವೆ ಯಾರೋ ಮುಖಂಡರು ಹದಿನೈದು ಸೆಕೆಂಡು ಅಳುತ್ತಾರೆ, ಮತ್ತೆ ಒಬ್ಬಾಕೆ ಮಿರ್ಚಿ ತಿನ್ನುತ್ತಾಳೆ. ಯಾರು ರಾಜೀನಾಮೆ ಕೊಟ್ಟರು ಎಂಬುದು ನನ್ನ ಮಗಳಿಗೆ ನನಗಿಂತ ಮೊದಲೇ ಗೊತ್ತಿರುತ್ತದೆ. ಯಾವುದಕ್ಕೆ ಕೊಟ್ಟರು ಅಂದರೆ ಗೊತ್ತಿರುವುದಿಲ್ಲ.

ಹೀಗೆ ಒಂದೇ ಸೂರಿನ ಕೆಳಗೆ ಮೂವರು ಮೂರು ಥರ, ಆದರೆ ತಕರಾರಿಲ್ಲದೆ ನಡೆದಿತ್ತು. ತಕರಾರು ತಂದದ್ದು ಮಜ್ಜಿಗೆ ಕುಡಿದಾತ.

ಆತ ನಮ್ಮ ಕಡೆಯ ಒಬ್ಬ ನಾಯಕ. ಹೆಸರು ಬೇಡ. ಎಂದೋ ಒಂದು ಚುನಾವಣೆಯಲ್ಲಿ ಓಟು ಕೇಳುತ್ತ ಮಸರಕಲ್ಲಿಗೆ ಬಂದಾಗ, ಅತ್ತಿಯ ತವರುಮನೆಯ ಕಟ್ಟೆಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದಿದ್ದನಂತೆ. ಆ ಹೊತ್ತಿಗೆ ಅಕ್ಕ ತಂಗಿ ಇಬ್ಬರೂ ತವರಿನಲ್ಲಿದ್ದರು. ಲೋಟ ತುಂಬಿದ್ದು ತಂಗಿ, ಕೊಟ್ಟದ್ದು ಅಕ್ಕ. ಅಂದಿನಿಂದ ಆತ ಯಾವ ಹುದ್ದೆಗೆ ಹೋದರೂ ಈ ಇಬ್ಬರ ಬಾಯಲ್ಲಿ ಆತನಿಗೆ ಇದ್ದದ್ದು ಒಂದೇ ಹುದ್ದೆ, ‘ಮಜ್ಜಿಗಿ ಕುಡದಾತ’. ಮಜ್ಜಿಗಿ ಕುಡದಾತ ದಿಲ್ಲಿಗೆ ಹೋದ, ಮಜ್ಜಿಗಿ ಕುಡದಾತನಿಗೆ ಮೈ ಸರಿಯಿಲ್ಲ, ಮಜ್ಜಿಗಿ ಕುಡದಾತನ ಮಗಳ ಮದುವೆ.

ಒಂದು ದಿನ ಎಂಟೂವರೆಗೆ ಅತ್ತಿ ಮಾನ್ವಿಗೆ ಫೋನು ಹಚ್ಚಿದರು. ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಅತ್ತಿಯ ಫೋನಿನ ದನಿ ಯಾವತ್ತೂ ಪೂರ್ತಿ ಏರಿಸಿಯೇ ಇರುತ್ತದೆ, ಹಾಗಾಗಿ ಆ ಕಡೆಯ ಮಾತೂ ನನಗೆ ಕೇಳುತ್ತಿತ್ತು.

“ಕೇಳಿದೇನು, ಮಜ್ಜಿಗಿ ಕುಡದಾತ ಪಕ್ಷ ಬಿಟ್ನಲ್ಲ.”

“ಯಾರಂದ್ರು? ಬಿಡೂದಿಲ್ಲಂತ ದೇವರ ಮುಂದ ನಿಂತು ಆಣಿ ಮಾಡ್ಯಾನ. ನಾ ಈಗ ನೋಡೀನಿ.”

“ನೀ ಎಂಟರ ಸುದ್ದಿ ಕೇಳಿಯಿಲ್ಲೊ?”

“ಕೇಳೀನಿ.”

“ಕೇಳಿ ಹಿಂಗ ಅಂತಿ?”

“ಕೇಳೇ ಅನ್ನಾಕತ್ತೀನಿ. ನಿನ್ನ ಕಿವಿಗೆ ಏನಾಗ್ಯದಕ್ಕಾ?”

“ನನ್ನ ಕಿವಿ ನೆಟ್ಟಗ ಅದ. ಅವನ ಹೆಗಲಿಗೆ ಹೊಸಾ ಶಾಲು ಹಾಕಿದ್ದು ನನ್ನ ಕಣ್ಣಲೆ ನೋಡೀನಿ.”

“ಅವ ಕೈ ಮುಗದು ಇಲ್ಲಂದದ್ದು ನಾನೂ ಕಣ್ಣಲೇ ನೋಡೀನಿ.”

ಯಾರು ಮೊದಲು ಇಟ್ಟರೋ ತಿಳಿಯದಂತೆ ಕರೆ ಮುಗಿಯಿತು. ಅತ್ತಿ ಫೋನನ್ನು ಬೋರಲು ಹಾಕಿ ನನ್ನ ಕಡೆ ನೋಡಿದರು. “ನನ್ನ ತಂಗಿ ನನ್ನ ಮುಂದ ಸುಳ್ಳ ಹೇಳಿದಳು” ಅಂದರು. ಆತ ಪಕ್ಷ ಬಿಟ್ಟದ್ದಕ್ಕೆ ಅವರಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಇಬ್ಬರೂ ಒಂದೇ ಹೊತ್ತಿಗೆ ಒಂದೇ ಸುದ್ದಿ ಕೇಳಿದ್ದೇವೆ, ಕೇಳಿಯೂ ಆಕೆ ಇಲ್ಲ ಅನ್ನುತ್ತಾಳೆ ಎಂಬುದೇ ಅವರಿಗೆ ನಾಟಿದ್ದು.

“ಅತ್ತೀ, ಅವರ ಫೋನಿನಾಗ ಬ್ಯಾರೆ ಬಂದಿರಬೇಕ್ರಿ” ಅಂದೆ.

“ಮಾನ್ವಿಗೆ ಬ್ಯಾರೆ ಸೂರ್ಯ ಹುಟ್ತಾನೇನು?” ಅಂದು ಎದ್ದು ಹೋದರು.

ಮರುದಿನ ಎಂಟೂವರೆಗೆ ಕರೆ ಇಲ್ಲ. ಅದರ ಮರುದಿನವೂ ಇಲ್ಲ. ನಾನು ಪೇಪರಿನಲ್ಲಿ ಹುಡುಕಿದೆ. ಒಳಪುಟದಲ್ಲಿ ನಾಲ್ಕು ಸಾಲು, ಆ ನಾಯಕರು ಬೆಂಬಲಿಗರ ಜೊತೆ ಚರ್ಚಿಸುತ್ತಿದ್ದಾರೆ ಅಂತ. ಅದನ್ನು ಓದಿ ಹೇಳಿದರೆ ಅತ್ತಿ, “ಪೇಪರಿನವರಿಗೆ ಇನ್ನೂ ಗೊತ್ತಾಗಿಲ್ಲ ಪಾಪ” ಅಂದರು. ಮಗಳನ್ನು ಕೇಳಿದೆ. ಆಕೆ ಫೋನು ತಿರುಗಿಸಿ ತೋರಿಸಿದಳು: ಮಜ್ಜಿಗೆ ಕುಡಿದಾತ ಯಾರದೋ ಮದುವೆಯಲ್ಲಿ ಕುಣಿಯುತ್ತಿದ್ದಾನೆ, ಹಿಂದೆ ಡೊಳ್ಳು. “ಎಷ್ಟು ಚಂದ ಕುಣೀತಾನ ನೋಡವ್ವಾ” ಅಂದಳು. ಪಕ್ಷದ ಮಾತೇ ಇಲ್ಲ.

ಎರಡು ವಾರದ ಹತ್ತಿರ ಹೀಗೇ ಹೋಯಿತು. ಅಷ್ಟರಲ್ಲಿ ದೇವದುರ್ಗದಿಂದ ನಾದಿನಿಯ ಫೋನು. ನಾದಿನಿ ಅಂದರೆ ನಮ್ಮತ್ತಿಯ ಮಗಳು. ಆಕೆಯ ಮಗಳು ಏಳು ತಿಂಗಳ ಬಸುರಿ, ಬರುವ ಗುರುವಾರ ಕುಬಸ, ಅಂದರೆ ಸೀಮಂತ.

“ವೈನಿ, ಅವ್ವ ಚಿಗವ್ವ ಮಾತು ಬಿಟ್ಟಾರಂತ?”

“ಬಿಟ್ಟಾರವಾ.”

“ಹಂಗಾರ ರೊಟ್ಟಿ?”

ಆ ‘ರೊಟ್ಟಿ’ ಎಂಬ ಮಾತಿನ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. ಅವರ ತವರಿನಲ್ಲಿ ಒಂದು ರೂಢಿ. ಕುಬಸದ ಊಟಕ್ಕೆ ರೊಟ್ಟಿ ಮಾಡುವಾಗ ಮನೆಯ ಹಿರಿಮಗಳು ಬಡಿಯಬೇಕು, ಕಿರಿಮಗಳು ಬೇಯಿಸಬೇಕು. ಒಂದೇ ಒಲೆ, ಒಂದೇ ಹಂಚು. ಬಸುರಿ ಆ ರೊಟ್ಟಿಯನ್ನೇ ಮೊದಲು ಮುರಿಯಬೇಕು. ನನ್ನ ಕುಬಸಕ್ಕೆ ಇಬ್ಬರೂ ಹಾಗೇ ಮಾಡಿದ್ದರು, ನಾದಿನಿಯದಕ್ಕೂ. ಅತ್ತಿ ಬಡಿಯುವ ರೊಟ್ಟಿ ಎಷ್ಟು ತೆಳ್ಳಗೆಂದರೆ ಕೈಯಿಂದ ಹಂಚಿಗೆ ಹೋಗುವಾಗ ಅದು ನಾಚಿ ಮಡಚಿಕೊಳ್ಳುತ್ತದೆ. ಸಣ್ಣತ್ತಿಯ ಕೈ ಮಾತ್ರ ಅದನ್ನು ಮಡಚಿಕೊಳ್ಳಗೊಡುವುದಿಲ್ಲ. ಬಸುರಿ ಹುಡುಗಿ ಸೀರೆ ಬಳೆ ಏನೂ ಕೇಳಿರಲಿಲ್ಲ. ಆಯಿಯರಿಬ್ಬರ, ಅಂದರೆ ಈ ಇಬ್ಬರು ಅಜ್ಜಿಯರ, ಕೈಯ ರೊಟ್ಟಿ ಬೇಕು ಎಂದಷ್ಟೇ ಹೇಳಿದ್ದಳು.

“ಒಬ್ಬಾಕಿ ಬರ್ತಾಳಂದ್ರ ಇನ್ನೊಬ್ಬಾಕಿ ಬರೂದಿಲ್ಲಂದ್ರ ಏನು ಮಾಡ್ಲಿ?” ಅಂದಳು ನಾದಿನಿ. ದನಿ ಸಣ್ಣದಾಗಿತ್ತು.

“ಇಬ್ಬರಿಗೂ ಹೇಳು, ಇನ್ನೊಬ್ಬಾಕಿ ಬರಾಕತ್ತಿಲ್ಲಂತ” ಅಂದೆ. ಸುಳ್ಳು ಹೇಳಿಸಿದ್ದು ತಪ್ಪು. ಆದರೆ ನಮ್ಮ ಮನೆಯಲ್ಲಿ ಆಗ ಸುಳ್ಳಿನ ಆಪಾದನೆ ಹೇಗೂ ನಡೆದಿತ್ತು, ಒಂದು ನಿಜದ್ದೂ ಸೇರಲಿ ಅನ್ನಿಸಿತು.

ಬುಧವಾರ ನಸುಕಿಗೆ ಅತ್ತಿ, ನಾನು, ಮಗಳು ರಾಯಚೂರಿನಿಂದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟಿಲ್ಲವಾದ್ದರಿಂದ ಬಸ್ಸಿನ ತುಂಬ ನಾವೇ. ಕಂಡಕ್ಟರು ಆಧಾರ್ ಕಾರ್ಡು ಕೇಳಿದರೆ ಅತ್ತಿ ತಮ್ಮದನ್ನು ತೋರಿಸುವುದಿಲ್ಲ, ಹಿಡಿದುಕೊಂಡು ನಿಲ್ಲುತ್ತಾರೆ, ಆತ ಪೂರ್ತಿ ಓದಲಿ ಅಂತ. ಮಸರಕಲ್ಲಿನ ಕಡೆ ಬಂದಾಗ ಕಿಟಕಿಯಿಂದ ಕೈ ಮಾಡಿ, “ಅಲ್ಲೇ ಕುಂತಿದ್ದ ಅಂವ” ಅಂದರು. ಏಳಕ್ಕೆ ಮುಂಚೆಯೇ ದೇವದುರ್ಗ ಮುಟ್ಟಿದೆವು. ನಾದಿನಿಯ ಹಿತ್ತಲಿನ ಅಡುಗೆಮನೆಗೆ ಹೋಗಿ ನೋಡಿದರೆ ಒಲೆಯ ಮುಂದೆ ಸಣ್ಣತ್ತಿ, ಹಿಂದಿನ ದಿನವೇ ಮಾನ್ವಿಯಿಂದ ಮಗನ ಜೊತೆ ಬಂದವರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತಿ ನನ್ನ ಕಡೆ ತಿರುಗಿ, “ಆಕಿ ಬರೂದಿಲ್ಲಂದಿದ್ರಲ್ಲ” ಅಂದರು. ಸಣ್ಣತ್ತಿ ನಾದಿನಿಯ ಕಡೆ ತಿರುಗಿ ಅದನ್ನೇ ಅಂದರು. ನಾನೂ ನಾದಿನಿಯೂ ಒಂದೇ ಸಲಕ್ಕೆ ಹಿಟ್ಟು ಜರಡಿ ಹಿಡಿಯಲು ಶುರು ಮಾಡಿದೆವು.

ಬಸುರಿ ಹುಡುಗಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಆಕೆಯ ಮುಖ ನೋಡಿದ ಮೇಲೆ ಎದ್ದು ಹೋಗುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅತ್ತಿ ಎಸರಿನ ಹಿಟ್ಟು ನಾದಿ ಕೂತರು, ಸಣ್ಣತ್ತಿ ಹಂಚು ಇಟ್ಟರು. ಆದರೆ ಮಾತು ಮಾತ್ರ ನೇರ ಹೋಗಲಿಲ್ಲ, ಬಾಗಿಲಲ್ಲಿದ್ದ ಹುಡುಗಿಯ ಮೇಲೆ ಹಾಯ್ದು ಹೋಯಿತು.

“ನಿಮ್ಮ ಆಯಿಗೆ ಹೇಳವಾ, ಹಂಚು ಕಾದದ.”

“ನಿಮ್ಮ ಸಣ್ಣ ಆಯಿಗೆ ಹೇಳು, ನನಗ ಕಣ್ಣು ಅದಾವ.”

“ಕಣ್ಣು ಇದ್ದೋರು ಹಂಗ ದಪ್ಪ ಬಡಿಯೂದಿಲ್ಲಂತ ಹೇಳು.”

“ಬೇಯಿಸಾಕ ಬಂದ್ರ ದಪ್ಪನೂ ಬೇಯ್ತದಂತ ಹೇಳು.”

ಪಾಪ, ಹುಡುಗಿ ಮೊದಲೆರಡು ಸಲ ನಿಜವಾಗಿಯೂ ಹೇಳಿದಳು. ಆಮೇಲೆ ನಗು ಬಂದು ಹೊಟ್ಟೆ ಹಿಡಿದುಕೊಂಡಳು. ರೊಟ್ಟಿಯ ಗತಿ ಹೇಳಬಾರದು. ಮೊದಲನೆಯದು ಕೈಯಿಂದ ಹಂಚಿಗೆ ಹೋಗುವಾಗ ಹರಿಯಿತು. ಎರಡನೆಯದನ್ನು ತಿರುವಬೇಕೆಂದು ಅತ್ತಿಗೆ ಗೊತ್ತಾಯಿತು, ಹೇಳಲಿಲ್ಲ, ಹೊತ್ತಿತು. ಮೂರನೆಯದಕ್ಕೆ ಮೇಲೆ ನೀರು ಸವರುವುದನ್ನು ಸಣ್ಣತ್ತಿ ಮರೆತರು. ನಾಲ್ಕನೆಯದನ್ನು ನಾದಿನಿ ಹಿತ್ತಲಿನ ನಾಯಿಗೆ ಹಾಕಿದಳು. ಅದು ಮೂಸಿ ನೋಡಿ ಬೇಲಿಯ ಆ ಕಡೆ ಹೋಯಿತು. ಇನ್ನೂರು ರೊಟ್ಟಿ ಬೇಕಿತ್ತು. ನಾದಿನಿಯ ಕಣ್ಣಲ್ಲಿ ನೀರು ನಿಂತದ್ದನ್ನು ನೋಡಿ ನಾನು ಬೇರೆ ಕಡೆ ನೋಡಿದೆ.

ಹಾಗೇ ಎಂಟಾಯಿತು. ಹೇಗೆ ಗೊತ್ತಾಯಿತೆಂದರೆ, ಇಬ್ಬರ ಕೈಯೂ ಒಂದೇ ಸಲ ನಿಂತವು.

“ಯವ್ವಾ, ನನ್ನ ಫೋನು ಹಚ್ಚು” ಅಂದರು ಅತ್ತಿ ನನ್ನ ಮಗಳಿಗೆ. ಕೈ ಮೊಣಕೈತನಕ ಹಿಟ್ಟು.

“ನಂದೂ ಹಚ್ಚು” ಅಂದರು ಸಣ್ಣತ್ತಿ. ಅವರ ಕೈಯಲ್ಲಿ ಒದ್ದೆ ಅರಿವೆ.

ಮಗಳು ಎರಡನ್ನೂ ತಂದು ಒಂದೇ ಹಿಟ್ಟಿನ ಡಬ್ಬಿಗೆ ಪಕ್ಕ ಪಕ್ಕ ಆನಿಸಿ ಹಚ್ಚಿದಳು. ಆಕೆ ಬೇಕಂತಲೇ ಮಾಡಿದಳೋ, ಅಲ್ಲಿ ಬೇರೆ ಡಬ್ಬಿ ಇರಲಿಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಎರಡು ಫೋನಿನಿಂದ ಇಬ್ಬರು ಸುದ್ದಿ ಓದುವವರು ಒಮ್ಮೆಲೇ ಶುರು ಮಾಡಿದರು. ಎರಡರಲ್ಲೂ ಮಜ್ಜಿಗೆ ಕುಡಿದಾತ. ಒಂದರಲ್ಲಿ ಹೆಗಲ ಮೇಲೆ ಹೊಸ ಶಾಲು, ಹೂವಿನ ಹಾರ, ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಇನ್ನೊಂದರಲ್ಲಿ ಬರಿ ಹೆಗಲು, ಕೈ ಮುಗಿದುಕೊಂಡು, ಪಕ್ಷ ನನ್ನ ತಾಯಿ ಅನ್ನುತ್ತಿದ್ದಾನೆ.

ಅತ್ತಿ ಮುಂದೆ ಬಾಗಿ ತಂಗಿಯ ಫೋನು ನೋಡಿದರು. ಸಣ್ಣತ್ತಿ ಅಕ್ಕನ ಫೋನು ನೋಡಿದರು. ಹಂಚಿನ ಮೇಲಿದ್ದ ರೊಟ್ಟಿಯನ್ನು ಯಾರೂ ನೋಡಲಿಲ್ಲ.

“ನಿಂದರಾಗ ಅದೇನು ಬರಾಕತ್ತದ?” ಅಂದರು ಅತ್ತಿ. ಎರಡು ವಾರದ ಮೇಲೆ ತಂಗಿಗೆ ಆಡಿದ ಮೊದಲ ಮಾತು.

“ನಿಂದರಾಗ ಅದೇನಕ್ಕಾ?”

“ನಿನ್ನ ಫೋನು ಕೆಟ್ಟದ.”

“ಕೆಟ್ಟದ್ದು ನಿಂದು. ನಂದು ಹೋದ ವರ್ಷ ರಿಪೇರಿ ಮಾಡಿಸೀನಿ.”

“ಅಂದ್ರ ಮೊದಲಿಂದ ಕೆಟ್ಟದ್ದೇ ಅದು.”

“ಆಯೀ, ರೊಟ್ಟಿ ಹೊತ್ತಾಕತ್ತದ” ಅಂದಳು ಬಸುರಿ.

ಮಗಳು ಹಂಚು ಇಳಿಸಿ ನಡುವೆ ಕೂತು ತಿಳಿಸಿ ಹೇಳಿದಳು. ಎರಡೂ ಫೋನು ಕೆಟ್ಟಿಲ್ಲ. ಇದು ರೇಡಿಯೊ ಅಲ್ಲ. ಯಾರು ಏನನ್ನು ಹೆಚ್ಚು ನೋಡುತ್ತಾರೋ ಅಂಥದ್ದನ್ನೇ ಇದು ಮತ್ತೆ ಮತ್ತೆ ತಂದಿಡುತ್ತದೆ. ಒಬ್ಬೊಬ್ಬರಿಗೆ ಒಂದೊಂದು. ನಾನು ಎರಡು ವಾರ ಬಾಯಿ ನೋಯುವಂತೆ ಹೇಳಿದ್ದೂ ಇದನ್ನೇ. ಆದರೆ ಎರಡು ಫೋನು ಪಕ್ಕ ಪಕ್ಕ ಕೂತು ಒದರುವಾಗ ಹೇಳಿದ್ದಕ್ಕೆ ಬೇರೆ ತೂಕ ಬಂತು.

ಅತ್ತಿ ಹಿಟ್ಟಿನ ಬೆರಳಿನಿಂದ ಫೋನಿನ ಕಡೆ ತೋರಿಸಿದರು. “ಹಂಗಾರ ಇದು ಸುದ್ದಿ ಹೇಳೂದಲ್ಲ. ಮುಖ ನೋಡಿ ಮಣಿ ಹಾಕೂದು.”

“ಹೌದು ಆಯಿ.”

“ಆದ್ರ ನಾ ಎಂದು ನೋಡೀನಿ ಇಂಥಾವು? ನಾ ಎಂಟಕ್ಕ ಹಚ್ತೀನಿ, ಎಂಟೂವರಿಗೆ ಬಂದ್ ಮಾಡ್ತೀನಿ. ನನ್ನ ಮುಖ ಯಾವಾಗ ನೋಡಿತು ಇದು?”

ಇದು ನ್ಯಾಯವಾದ ಪ್ರಶ್ನೆ. ಮಗಳು ಫೋನನ್ನು ಕೈಗೆತ್ತಿಕೊಂಡು ಎಲ್ಲೋ ಒತ್ತಿ, ಎಲ್ಲೋ ಸರಿಸಿ ನೋಡಿದಳು. ನೋಡುತ್ತ ನೋಡುತ್ತ ಆಕೆಯ ಮುಖ ಬದಲಾಯಿತು, ತುಟಿ ಕಚ್ಚಿಕೊಂಡಳು.

“ಆಯೀ, ಇದು ನಿನ್ನ ಮುಖ ನೋಡೇ ಇಲ್ಲ. ಇದು ಅಪ್ಪನ ಖಾತಿ.”

ಆಗ ನನಗೆ ಹೊಳೆಯಿತು. ಆ ಫೋನು ನಮ್ಮ ಯಜಮಾನರ ಹಳೆಯದು. ಅವರು ಹೊಸದು ಕೊಂಡಾಗ ನಾನೇ ಅದನ್ನು ಒರೆಸಿ, ಫೋಟೊಗಳನ್ನು ಅಳಿಸಿ, ಹೊಸ ಕವರು ಹಾಕಿ ಅತ್ತಿಗೆ ಕೊಟ್ಟಿದ್ದೆ. ಒಳಗಿದ್ದ ಹೆಸರು ತೆಗೆಯಬೇಕೆಂದು ನನಗೆ ತಿಳಿದಿರಲಿಲ್ಲ. ಅಂದರೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಬಿಡುವಿನಲ್ಲಿ ಯಜಮಾನರು ತಮ್ಮ ಹೊಸ ಫೋನಿನಲ್ಲಿ ಏನೇನು ನೋಡುತ್ತಾರೋ ಅದರ ಅಣ್ಣ ತಮ್ಮಂದಿರೆಲ್ಲ ಇಲ್ಲಿ ರಾಯಚೂರಿನಲ್ಲಿ ಅವರ ಅವ್ವನ ಹಿಟ್ಟಿನ ಡಬ್ಬಿಯ ಮುಂದೆ ಬಂದು ನಿಲ್ಲುತ್ತಿದ್ದವು. ಸಣ್ಣತ್ತಿಯ ಫೋನು ನೋಡಿದರೆ ಅದೂ ಅವರ ಮಗನದೇ. ಆತ ಮಾನ್ವಿಯಲ್ಲಿ ರೈಸ್ ಮಿಲ್ಲಿನ ಗುಮಾಸ್ತ.

“ಇನ್ನೇನೇನು ನೋಡ್ಯಾರ ನೋಡವಾ” ಅಂದರು ಸಣ್ಣತ್ತಿ, ಒಲೆಯಿಂದ ಸರಿದು ಹತ್ತಿರ ಬಂದು.

ಮಗಳು ಓದಿದಳು. ನನ್ನ ಗಂಡನದು: ಮೂವರು ಮೇಜಿನ ಸುತ್ತ ಕೂತು ಕಿರುಚುವ ಚರ್ಚೆ, ಅದರದೇ ಎರಡನೇ ಭಾಗ, ಶಾಲಿನ ಸಮಾರಂಭ, ಉದುರಿದ ಕೂದಲು ಮತ್ತೆ ಬೆಳೆಯಲು ಈರುಳ್ಳಿ ರಸ, ಬೋಳುತಲೆಗೆ ಮೆಂತ್ಯ, ಮತ್ತೆ ಚರ್ಚೆ. ಮಾನ್ವಿಯ ಮಗನದು: ಆಣೆ ಮಾಡಿದ ಭಾಷಣ, ಆ ಚರ್ಚೆಯವರನ್ನು ಬೈಯುವ ಇನ್ನೊಂದು ಚರ್ಚೆ, ಹೊಟ್ಟೆ ಕರಗಿಸಲು ಕೂತಲ್ಲೇ ಮಾಡುವ ವ್ಯಾಯಾಮ, ಮಲಗಿದಲ್ಲೇ ಮಾಡುವ ವ್ಯಾಯಾಮ.

ನಾದಿನಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಗಂಡನ ಮಾನ ಕಾಯಬೇಕಾದವಳು, ಆದರೆ ನಮ್ಮ ಫ್ರಿಜ್ಜಿನಲ್ಲಿ ಒಂದು ತಿಂಗಳಿಂದ ಇದ್ದ ಈರುಳ್ಳಿ ರಸದ ಬಾಟಲಿ ನೆನಪಾಗಿ ನನಗೂ ತಡೆಯಲಾಗಲಿಲ್ಲ. ಅದನ್ನು ನಾನು ಎರಡು ಸಲ ಸಾರಿಗೆ ಹಾಕಿದ್ದೆ.

“ಕರಿ ಇಬ್ಬರನ್ನೂ” ಅಂದರು ಅತ್ತಿ.

ಆ ಇಬ್ಬರೂ ಅಂಗಳದಲ್ಲಿ ಒಂದೇ ಹಾಸಿಗೆಯ ಮೇಲೆ, ನಡುವೆ ಮಂಡಕ್ಕಿಯ ಸುಸಲಾ, ಮಿರ್ಚಿಯ ತಟ್ಟೆ ಇಟ್ಟುಕೊಂಡು ಕೂತಿದ್ದರು. ಯಜಮಾನರು ಪಾಳಿ ಮುಗಿಸಿ ಶಕ್ತಿನಗರದಿಂದ ಬೈಕಿನ ಮೇಲೆ ನೇರ ಬಂದಿದ್ದರು. ಅಣ್ಣ ತಮ್ಮ ಒಳಗೆ ಬಂದು ಬಾಗಿಲಲ್ಲಿ ನಿಂತರು. ಒಬ್ಬರ ಕೈಯಲ್ಲಿ ಅರ್ಧ ಮಿರ್ಚಿ ಇನ್ನೂ ಇತ್ತು.

“ಮಜ್ಜಿಗಿ ಕುಡದಾತ ಪಕ್ಷ ಬಿಟ್ಟಾನೋ ಇಲ್ಲೋ?”

“ಬಿಟ್ಟಾನಲ್ಲವ್ವಾ” ಅಂದರು ನಮ್ಮವರು.

“ಎಲ್ಲಿ ಬಿಟ್ಟಾನಣ್ಣಾ” ಅಂದ ತಮ್ಮ.

“ಮತ್ತ ನೀವಿಬ್ಬರು ಇದರ ಮ್ಯಾಲ ಜಗಳಾಡಿಲ್ಲೇನು?”

ಇಬ್ಬರೂ ಮುಖ ಮುಖ ನೋಡಿಕೊಂಡರು. “ನಾವು ರಾಜಕೀಯ ಮಾತಾಡೂದಿಲ್ಲ” ಅಂದರು ನಮ್ಮವರು. “ಯಾಕ ಬೇಕು ಸುಮ್ಮನ. ಮಿರ್ಚಿ ಆರ್ತಾವ.”

“ಅಂದ್ರ ನಿಮ್ಮ ಜಗಳ ನಮ್ಮ ಕಡಿಂದ ಮಾಡಿಸೀರಿ” ಅಂದರು ಅತ್ತಿ. “ನೀವಲ್ಲಿ ಒಂದ ತಾಟಿನಾಗ ಕೈ ಹಾಕಿ ತಿನ್ನಾಕತ್ತೀರಿ. ನಾ ಇಲ್ಲಿ ಹದಿಮೂರು ದಿನ ನನ್ನ ತಂಗಿ ಸುಳ್ಳಿ ಅಂತ ಮೈ ಸುಟಗೊಂಡೀನಿ.”

“ನಿನಗ ವಯಸ್ಸಾತು, ಕಿವಿ ಹೋದುವು ಅಂತ ನಾ ಅತ್ತೀನಕ್ಕಾ” ಅಂದರು ಸಣ್ಣತ್ತಿ. “ಸಿಟ್ಟಿಗೆ ಫೋನು ಮಾಡಲಿಲ್ಲ ಅಂದ್ಕೊಂಡಿ? ಮಾಡಿದ್ರ ನಿನಗ ಕೇಳೂದಿಲ್ಲ ಅಂದ್ಕೊಂಡು ಬಿಟ್ಟೆ.”

ಅತ್ತಿ ಹಿಟ್ಟಿನ ಕೈಯಿಂದಲೇ ತಂಗಿಯ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಸಂತೆಯಲ್ಲಿ ಬದನೆಕಾಯಿ ನೋಡಿದ ಹಾಗೆ. “ಸೊರಗೀದಿ” ಅಂದರು. ಸಣ್ಣತ್ತಿಯ ಎರಡೂ ಗಲ್ಲದ ಮೇಲೆ ಬೆರಳಿನ ಬಿಳಿ ಗುರುತು ಮೂಡಿದವು. ಅದನ್ನು ಅವರು ಒರೆಸಿಕೊಳ್ಳದೆ ಒಲೆಗೆ ಕಟ್ಟಿಗೆ ಒಟ್ಟಿ, “ಹಾಕಕ್ಕಾ, ಹಂಚು ಕಾದದ” ಅಂದರು.

ಅಲ್ಲಿಂದ ಶುರುವಾದದ್ದು ಮಧ್ಯಾಹ್ನ ಒಂದರತನಕ ನಿಲ್ಲಲಿಲ್ಲ. ಹಾಕು, ತಗಿ, ತಿರುವು, ಅಂಚು ಒತ್ತು, ಆ ಕಡೆ ಆತು, ಈ ಕಡೆ ಹಿಡಿ. ನಡುನಡುವೆ ಮಕ್ಕಳಿಬ್ಬರಿಗೂ ಬೈಗುಳ. ಒಂದು ರೊಟ್ಟಿ ಉಬ್ಬಿದರೆ “ಇದು ನಿನ್ನ ಮಗನ ಹೊಟ್ಟಿ” ಅಂದು ಅತ್ತಿ, ಒಂದು ನುಣ್ಣಗೆ ಬಂದರೆ “ಇದು ನಿನ್ನ ಮಗನ ತಲಿ” ಅಂದು ಸಣ್ಣತ್ತಿ. ಬಸುರಿ ನಕ್ಕು ನಕ್ಕು ಸಾಕಾಗಿ, ಇನ್ನು ನಗಿಸಿದರೆ ಇಲ್ಲೇ ಹೆರುತ್ತೇನೆ ಅಂದಳು. ಕಡಕ್ ರೊಟ್ಟಿ ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ್ದೆವು. ನಾನು ಎಣಿಸುವುದನ್ನು ಬಿಟ್ಟೆ. ಮರುದಿನ ಹುಡುಗಿ ಹಸಿರು ಸೀರೆ ಉಟ್ಟು ಕೂತು ಮೊದಲ ರೊಟ್ಟಿ ಮುರಿದಾಗ ಅ‌ದರ ಸದ್ದು ಅಂಗಳದ ತನಕ ಕೇಳಿತು.

ಕುಬಸ ಮುಗಿದ ಸಂಜೆ ಮಗಳು ಎರಡೂ ಫೋನು ಹಿಡಿದು ಕೂತು ಮಕ್ಕಳ ಹೆಸರು ತೆಗೆದು ಅವ್ವಂದಿರ ಹೆಸರು ಹಾಕಿದಳು. ಹೊಸದಾಗಿ ಶುರು ಮಾಡುವಾಗ ಫೋನು ಕೇಳುತ್ತದಂತೆ, ನಿಮಗೆ ಏನೇನು ಇಷ್ಟ ಅಂತ.

“ಆಯೀ, ನಿನಗೇನು ಸೇರ್ತದಂತ ಕೇಳಾಕತ್ತದ. ಅಡಿಗಿ, ಆಟ, ಭಕ್ತಿ, ರಾಜಕೀಯ?”

“ಅದಕ್ಯಾಕ ಬೇಕು? ಬೀಗತನ ಮಾಡಾಕ ಬಂದದೇನು?” ಅಂದರು ಅತ್ತಿ. “ಎಂಟಕ್ಕ ಸುದ್ದಿ ಹೇಳು ಅಂತ ಹೇಳು. ನನ್ನ ಉಸಾಬರಿ ಬ್ಯಾಡ.”

ಏನೂ ಆರಿಸಲಿಲ್ಲ. ಹಾಗಾಗಿ ಊರಿಗೆ ಬಂದ ಮೇಲೆ ಮೊದಲ ನಾಲ್ಕು ದಿನ ಆ ಫೋನಿಗೆ ಇವರು ಯಾರೆಂದೇ ತಿಳಿಯದೆ ಅದು ಒದ್ದಾಡಿತು. ಒಂದು ದಿನ ಯಾವುದೋ ದೇಶದ ಪಾರ್ಲಿಮೆಂಟಿನಲ್ಲಿ ಟೋಪಿ ಹಾಕಿಕೊಂಡವರ ಗುದ್ದಾಟ, ಒಂದು ದಿನ ಟ್ರ್ಯಾಕ್ಟರು ತೊಳೆಯುವುದು, ಒಂದು ದಿನ ಮಲಯಾಳದಲ್ಲಿ ಬಜೆಟ್ಟು. ಅತ್ತಿ ಸೆರಗು ಸರಿ ಮಾಡಿಕೊಂಡು ಎಲ್ಲವನ್ನೂ ಪೂರ್ತಿ ನೋಡಿದರು. ಐದನೆಯ ದಿನ ಅಕ್ಕ ತಂಗಿ ಸೇರಿ ಒಂದು ಕಾನೂನು ಮಾಡಿಕೊಂಡರು. ಎರಡೂ ಕಡೆ ಬಂದರೆ ಅದು ಸುದ್ದಿ. ಒಂದೇ ಕಡೆ ಬಂದರೆ ಅದು ಮಾತು.

ಈಗ ಎಂಟೂವರೆಯ ಕರೆಯಲ್ಲಿ ಮೊಣಕಾಲಿಗೆ ಮುಂಚೆ ಈ ವಿಚಾರಣೆ ನಡೆಯುತ್ತದೆ. “ರೇಷನ್ ಕಾರ್ಡಿಂದು ಬಂತೇನು?” “ಬಂತು.” “ಹಂಗಾರ ಖರೆ.” “ಮಂತ್ರಿ ಬದಲಾಗ್ತಾರಂತ?” “ನನಗ ಬಂದಿಲ್ಲ.” “ಬಿಡು ಹಂಗಾರ.” ಹೀಗೆ ಸೋಸಿದರೆ ದಿನಕ್ಕೆ ಒಂದೋ ಎರಡೋ ಉಳಿಯುತ್ತವೆ, ಒಮ್ಮೊಮ್ಮೆ ಬಿಸಿಲು ಹೆಚ್ಚಾಗುತ್ತದೆ ಎಂಬುದೊಂದೇ. ಮೂರು ಕಡೆ ಓದಿ ಯಾವುದನ್ನೂ ನಂಬದ ನಾನು ಈಗ ಪಾತ್ರೆ ತೊಳೆಯುತ್ತಲೇ ಕಿವಿಗೊಡುತ್ತೇನೆ. ಮಗಳು ಕಾಲೇಜಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಆಯೀ, ಇವತ್ತು ಯಾವ್ಯಾವು ಪಾಸಾದುವು?” ಎಂದು ಕೇಳುತ್ತಾಳೆ.

ಮೊನ್ನೆ ಯಜಮಾನರು ರಾತ್ರಿಪಾಳಿ ಮುಗಿಸಿ ಬಂದು ಕೂತವರು, ತಮ್ಮ ಹೊಸ ಫೋನನ್ನು ಉದ್ದ ಅಡ್ಡ ತಿರುಗಿಸಿ ನೋಡಿ, ತಲೆ ಸವರಿಕೊಂಡು, ಕೊನೆಗೆ ಅಡುಗೆಮನೆಯ ಬಾಗಿಲಿಗೆ ಬಂದರು.

“ಅವ್ವಾ, ಮಜ್ಜಿಗಿ ಕುಡದಾತ ಕಡೀಕ ಪಕ್ಷ ಬಿಟ್ನೋ ಇಲ್ಲೋ? ನನಗ ದಿನಾ ಒಂದು ಥರ ತೋರಿಸಾಕತ್ತದ.”

ಅತ್ತಿ ತಲೆ ಎತ್ತಲಿಲ್ಲ. ಫೋನು ಕಿವಿಗೆ ಹಿಡಿದು ಆ ಕಡೆಯ ದನಿಗಾಗಿ ಕಾಯುತ್ತಿದ್ದರು.

“ತಡಿ,” ಅಂದರು, “ಮಾನ್ವಿಯಿಂದ ಇನ್ನೂ ಬಂದಿಲ್ಲ.”